ಕೊರಿಯಾಗೆ ಭಾಷೆ ಕಲಿಯಲು ಹೊರಟವರಿಗೆ: ಗುರಿ ಚಿಕ್ಕದಿರಲಿ, ಅಳೆಯುವಂತಿರಲಿ

ಅಲ್ಲಿನ ವಿಶ್ವವಿದ್ಯಾಲಯಗಳ ಭಾಷಾ ಕೋರ್ಸ್‌ನಲ್ಲಿ ಒಂದು ಹಂತಕ್ಕೆ ಸಾಮಾನ್ಯವಾಗಿ 10 ವಾರ, 200 ಗಂಟೆ. ‘ಚೆನ್ನಾಗಿ ಮಾತಾಡಬೇಕು’ ಅನ್ನೋದು ಗುರಿಯಲ್ಲ, ಆಸೆ. ವಾರಕ್ಕೊಂದು ಕೆಲಸ ಬರೆದಿಟ್ಟುಕೊಳ್ಳಿ: ಈ ವಾರ ಹೋಟೆಲಿನಲ್ಲಿ ಇಂಗ್ಲಿಷ್ ಬಳಸದೆ ‘ಫೋಜಾಂಗ್ ಹೆ ಜುಸೆಯೊ’ ಅಂತ ಪಾರ್ಸೆಲ್ ಕೇಳಿ ತರುವುದು. ಮುಂದಿನ ವಾರ ಸಮಯ ಹೇಳುವುದು. ಇಲ್ಲಿ ಬಹಳ ಜನ ಎಡವುತ್ತಾರೆ, ಯಾಕೆಂದರೆ ಗಂಟೆಗೆ ಕೊರಿಯನ್‌ನದೇ ಸ್ವಂತ ಎಣಿಕೆ, ನಿಮಿಷಕ್ಕೆ ಚೀನೀ ಮೂಲದ ಎಣಿಕೆ: ಮೂರೂವರೆ ಅಂದರೆ ‘ಸೆ ಶಿ ಸಾಮ್‌ಶಿಪ್ ಬುನ್’.

ವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ, ಆದ್ದರಿಂದ ಇಂಗ್ಲಿಷ್ ಮೂಲಕ ಅನುವಾದಿಸಬೇಡಿ. ಉಳಿದ ಸಮಯ ಉಚ್ಚಾರಣೆಗೆ ಕೊಡಿ. ಚಂದ್ರ (달), ಮುಖವಾಡ (탈), ಮಗಳು (딸): ಕೊರಿಯನ್‌ನಲ್ಲಿ ಈ ಮೂರು ಪದಗಳ ವ್ಯತ್ಯಾಸ ಮೊದಲ ವ್ಯಂಜನದಲ್ಲಷ್ಟೇ ಇದೆ. ದಿನಾ 10 ನಿಮಿಷ ರೆಕಾರ್ಡ್ ಮಾಡಿ ಶಿಕ್ಷಕರಿಗೆ ಕೇಳಿಸಿ.

ಕೊರಿಯನ್ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಟೋಪಿಕ್‌ನ (TOPIK) ಆರಂಭಿಕ ಭಾಗ ಟೋಪಿಕ್ 1ರಲ್ಲಿ 200ಕ್ಕೆ 140 ಬಂದರೆ ಆ ಪರೀಕ್ಷೆಯ ಎರಡನೇ ಹಂತ. ಟೋಪಿಕ್ 1ರಲ್ಲಿ ಓದುವುದು, ಕೇಳುವುದು ಮಾತ್ರ ಇದೆ. ಮಾತಿನ ಗುರಿ ಬೇರೆಯೇ ಇಟ್ಟುಕೊಳ್ಳಿ.