ಹಳೆ ಕ್ರಿಕೆಟ್ ಕಾರ್ಡು ಸಿಕ್ಕಿತಾ? ಮೊದಲು ಒರೆಸೋದು ಬಿಡಿ

ಅಟ್ಟದ ಟ್ರಂಕಿನಲ್ಲಿ ಕಾಕಾನ ಕಾಲದ ಕ್ರಿಕೆಟ್ ಕಾರ್ಡು ಸಿಕ್ಕರೆ ನಮ್ಮ ಕಡೆ ಮಾಡುವ ಮೊದಲ ಕೆಲಸ ಒದ್ದೆ ಬಟ್ಟೆಯಿಂದ ಒರೆಸೋದು. ದಯವಿಟ್ಟು ಬೇಡ. ನೀರು ತಾಗಿದರೆ ರಟ್ಟು ಉಬ್ಬುತ್ತದೆ, ಹೊಳಪು ಹೋಗುತ್ತದೆ. ರಬ್ಬರಿನಿಂದ ಉಜ್ಜೋದು, ಹರಿದಲ್ಲಿ ಟೇಪ್ ಹಚ್ಚೋದು, ಮಾಸಿದ ಅಂಚಿಗೆ ಸ್ಕೆಚ್ ಪೆನ್ ಎಳೆಯೋದು ಯಾವುದೂ ಬೇಡ. ಧೂಳಿದ್ದರೆ ಮೆತ್ತನೆಯ ಒಣ ಬ್ರಷ್ ಸಾಕು.

ಹುಬ್ಬಳ್ಳಿಯ ರದ್ದಿ ಅಂಗಡಿ, ಧಾರವಾಡದ ಹಳೆ ಪುಸ್ತಕದವರ ಹತ್ತಿರ ಹುಡುಕುವವರು ಬಬಲ್ ಗಮ್ ಜೊತೆ ಬರುತ್ತಿದ್ದ ಚಿತ್ರಗಳು, 90ರ ದಶಕದ ಟ್ರಂಪ್ ಕಾರ್ಡುಗಳ ಮೇಲೆ ಕಣ್ಣಿಡಿ. ಬ್ರಿಟಿಷರ ಕಾಲದ ಸಿಗರೇಟು ಕಾರ್ಡು, ಅಂದರೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡು, ಸಿಕ್ಕರೆ ಅದೃಷ್ಟ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಕಾರ್ಡು ತಂದಿತ್ತು.

ಸ್ಥಿತಿ ನೋಡುವುದು ಹೀಗೆ. ಕಿಟಕಿ ಹತ್ತಿರ ಕೂತು, ಕೈ ಒಣಗಿಸಿಕೊಂಡು, ಅಂಚು ಹಿಡಿದು ಕಾರ್ಡನ್ನು ಬೆಳಕಿಗೆ ಓರೆ ಮಾಡಿ. ನೇರ ನೋಡಿದಾಗ ಕಾಣದ ಮಡಿಕೆ, ಗೀರು, ಒತ್ತು ಆಗ ಕಾಣುತ್ತವೆ. ನಾಲ್ಕೂ ಮೂಲೆ ಚೂಪಾಗಿವೆಯಾ? ಚಿತ್ರದ ಸುತ್ತಲಿನ ಬಿಳಿ ಪಟ್ಟಿ ಎಡ ಬಲ ಸಮ ಇದೆಯಾ, ಒಂದು ಕಡೆ ಜಾಸ್ತಿ ಸರಿದಿದೆಯಾ? ಹಿಂಬದಿಯನ್ನೂ ನೋಡಿ. ನಮ್ಮ ಹುಡುಗರು ಹಿಂದೆ ತಮ್ಮ ಹೆಸರು, ಶಾಲೆ, ಇಯತ್ತೆ ಎಲ್ಲ ಬರೆದು ರಬ್ಬರ್ ಬ್ಯಾಂಡ್ ಬಿಗಿದು ಇಟ್ಟಿರುತ್ತಾರೆ. ಪೆನ್ನಿನ ಬರಹವೂ ಬ್ಯಾಂಡ್ ಕೊರೆದ ಅಂಚೂ ಬೆಲೆ ಇಳಿಸುತ್ತವೆ. ಓದೋಕೆ ಮಾತ್ರ ಭಾರಿ ಮಜಾ.

ಆಮೇಲೆ ಸ್ಕೇಲ್ ಹಿಡಿದು ಅಳೆಯಿರಿ. ಈಗಿನ ಸಾಮಾನ್ಯ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಹಳೆಯವಕ್ಕೆ ಬೇರೆ ಬೇರೆ ಅಳತೆ ಇರುತ್ತದೆ, ಆದ್ದರಿಂದ ಅದೇ ಸೆಟ್ಟಿನ ಇನ್ನೊಂದು ಕಾರ್ಡಿನ ಜೊತೆ ಹೋಲಿಸಿ. ಒಂದು ಕೂದಲೆಳೆ ಚಿಕ್ಕದಿದ್ದರೂ ಅನುಮಾನ ಪಡಿ, ಯಾಕೆಂದರೆ ಸವೆದ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ಹೊಸದರಂತೆ ಮಾಡುವವರಿದ್ದಾರೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು ಗೊತ್ತಲ್ವಾ, 1909ರಿಂದ 1911ರ ನಡುವೆ ಸಿಗರೇಟು ಪ್ಯಾಕಿನಲ್ಲಿ ಬಂದದ್ದು? ಕಾರ್ಡಿನ ಸ್ಥಿತಿ ನೋಡಿ ಗ್ರೇಡ್, ಅಂದರೆ ಹತ್ತಕ್ಕೆ ಇಷ್ಟು ಎಂದು ಅಂಕ, ಕೊಡುವ ಪಿಎಸ್‌ಎ ಸಂಸ್ಥೆ ಮೊದಲು ಗ್ರೇಡ್ ಕೊಟ್ಟದ್ದೇ ಅದರ ಒಂದು ಪ್ರತಿಗೆ, ಅದೂ 10ಕ್ಕೆ 8. ಅದರ ಅಂಚು ಕತ್ತರಿಸಿದ್ದು ತಾನೇ ಎಂದು ಹಿಂದೆ ಅದನ್ನು ಮಾರಿದ್ದ ವ್ಯಾಪಾರಿ 2013ರಲ್ಲಿ ಒಪ್ಪಿಕೊಂಡ. ದೊಡ್ಡವರೇ ಮೋಸ ಹೋಗಿದ್ದಾರೆ, ನಾವು ಸ್ಕೇಲ್ ಹಿಡಿದರೆ ತಪ್ಪೇನು?

ನಕಲು ಹಿಡಿಯಲು ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಸಾಕು. ಪ್ರೆಸ್ಸಿನಲ್ಲಿ ಅಚ್ಚಾದ ಬಣ್ಣದ ಫೋಟೋದಲ್ಲಿ ಸಣ್ಣ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಮನೆಯ ಪ್ರಿಂಟರ್‌ನದು ಹರಡಿದ ಸಿಂಪಡಣೆಯಂತೆ ಕಾಣುತ್ತದೆ. ಖೋಟಾ ನೋಟು ಪರೀಕ್ಷಿಸುವ ನೇರಳೆ ದೀಪವನ್ನೂ ಹಿಡಿದು ನೋಡಿ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು ಎಂದು ಹೇಳುವ ಕಾಗದ ಅದರಡಿ ನೀಲಿ ಬಿಳುಪಾಗಿ ಥಳಥಳ ಹೊಳೆದರೆ ಕೊಳ್ಳಬೇಡಿ.

ಇನ್ನು ಬೆಲೆ. ಹಳೆಯದೆಲ್ಲ ದುಬಾರಿ ಅಲ್ಲ. 80ರ ದಶಕದ ಕೊನೆ, 90ರ ಆರಂಭದಲ್ಲಿ ಅಮೆರಿಕದಲ್ಲಿ ಕಾರ್ಡುಗಳನ್ನು ಎಷ್ಟು ಅಚ್ಚು ಹಾಕಿದರೆಂದರೆ ಅವುಗಳಲ್ಲಿ ಬಹುಪಾಲು ಇವತ್ತಿಗೂ ಚಿಲ್ಲರೆ ದುಡ್ಡಿಗೆ ಹೋಗುತ್ತವೆ. ಇನ್ನೊಂದು ತುದಿಯಲ್ಲಿ, 1952ರ ಟಾಪ್ಸ್ ಕಂಪನಿಯ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡು 9.5 ಗ್ರೇಡಿನದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದೇ ಕಾರ್ಡು ಮಡಿಕೆ ಬಿದ್ದದ್ದಾದರೆ ಅದರ ಹತ್ತಿರಕ್ಕೂ ಬರುವುದಿಲ್ಲ. ಇಬೇ ಎಂಬ ಮಾರಾಟದ ವೆಬ್‌ಸೈಟಿನಲ್ಲಿ ಮಾರುವವರು ಹಾಕಿರುವ ರೇಟು ನೋಡಿ ಕನಸು ಕಾಣಬೇಡಿ, ಯಾರು ಏನು ಬೇಕಾದರೂ ಹಾಕಬಹುದು. ನಿಜವಾಗಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಅಲ್ಲೇ ಇದೆ, ಅದನ್ನು ಒತ್ತಿ, ನಿಮ್ಮದೇ ಸ್ಥಿತಿಯ ಕಾರ್ಡು ಎಷ್ಟಕ್ಕೆ ಹೋಗಿದೆ ನೋಡಿ.

ಅಭಿಮಾನ ಬೇರೆ, ಮಾರುಕಟ್ಟೆ ಬೇರೆ. ಗದಗಿನ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದರು. ಅವರ ಕಾರ್ಡು ಸಿಕ್ಕರೆ ನಾನಂತೂ ಮಾರುವುದಿಲ್ಲ, ಆದರೆ ಹೊರಗಿನವರು ಸಚಿನ್ ಕಾರ್ಡಿನ ರೇಟು ಕೊಡುತ್ತಾರೆಂದು ನಿರೀಕ್ಷಿಸುವುದೂ ಇಲ್ಲ.

ಗ್ರೇಡಿಂಗಿಗೆ ವಿದೇಶಕ್ಕೆ ಕಳಿಸೋದು ಎಲ್ಲದಕ್ಕೂ ಬೇಡ. ಫೀಸು, ಕೊರಿಯರ್, ವಿಮೆ, ವಾಪಸ್ ಬರುವಾಗ ಕಸ್ಟಮ್ಸ್, ಎಲ್ಲ ಕೂಡಿಸಿದರೆ ಸಾಧಾರಣ ಕಾರ್ಡಿನ ಬೆಲೆಯನ್ನೇ ಮೀರಬಹುದು.

ಇಡೋದಕ್ಕೆ ತೆಳು ಪ್ಲಾಸ್ಟಿಕ್ ಕವರ್, ಅದರ ಮೇಲೆ ಗಟ್ಟಿ ಹೋಲ್ಡರ್. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ಬೇಡ, ವರ್ಷ ಕಳೆದಂತೆ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಧಾರವಾಡದ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಂತೂ ಇಡಲೇಬೇಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡಿರಿ ಎಂದು ಬರೆದ ಚೀಟಿ. ಚೀಟಿ ಕವರಿನ ಹೊರಗಿರಲಿ.