ಹದಿಹರೆಯದ ಮಕ್ಕಳಿಗೆ ಕಾದಂಬರಿ ಕೊಡುವ ಮುಂಚೆ

ಮನೆಯಲ್ಲಿ 13-14 ವರ್ಷದ ಮಕ್ಕಳಿದ್ದು, ಪುಸ್ತಕ ಮುಟ್ಟೋದೇ ಇಲ್ಲ ಅಂತ ಬೇಜಾರಾಗಿದ್ದರೆ ಒಂದು ಮಾತು. ನೀತಿ ಹೇಳುವ ಪುಸ್ತಕ ಬೇಡ. ಅವರದೇ ವಯಸ್ಸಿನವರ ಕಥೆ ಇರುವ ಕಾದಂಬರಿ ಕೊಡಿ.

ನನ್ನ ಮಗನನ್ನು ಹಿಡಿದು ಕೂರಿಸಿದ್ದು ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’. 1967ರಲ್ಲಿ ಬಂದ ಅಮೆರಿಕದ ಕಾದಂಬರಿ. ಅದನ್ನು ಬರೆಯುವಾಗ ಲೇಖಕಿ ಇನ್ನೂ ಹೈಸ್ಕೂಲಿನಲ್ಲಿದ್ದರು! ಕಥೆ ಹೇಳುವ ಪೋನಿಬಾಯ್‌ಗೆ 14 ವರ್ಷ. ಅಪ್ಪ ಅಮ್ಮ ತೀರಿಹೋಗಿದ್ದಾರೆ, ಇಬ್ಬರು ಅಣ್ಣಂದಿರ ಜೊತೆ ಇರುತ್ತಾನೆ. ದೊಡ್ಡಣ್ಣ ಸದಾ ಗದರುತ್ತಾನೆ. ತನ್ನನ್ನು ಕಂಡರೆ ಅವನಿಗೆ ಆಗಲ್ಲ ಅಂತಲೇ ಇವನು ನಂಬಿರುತ್ತಾನೆ. ಆ ಗದರಿಕೆಯ ಹಿಂದೆ ಎಷ್ಟು ಭಯ, ಎಷ್ಟು ಪ್ರೀತಿ ಇತ್ತು ಅಂತ ಅವನಿಗೆ ಹೊಳೆಯುವ ಜಾಗದಲ್ಲಿ ನನಗೂ ಕಣ್ಣು ತುಂಬಿತು. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಹೊಡೆದಾಟ, ಸಾವು ಎರಡೂ ಇವೆ. ಅದಕ್ಕೇ ಮೊದಲು ನೀವು ಓದಿ.

ನಮ್ಮ ದೇಶದ್ದೇ ಬೇಕು ಅಂದರೆ ರಸ್ಕಿನ್ ಬಾಂಡ್ ಅವರ ‘ದಿ ರೂಮ್ ಆನ್ ದಿ ರೂಫ್’ ಇದೆ. ಡೆಹ್ರಾಡೂನಿನ ಕಥೆ. ಅವರೂ 17ರ ವಯಸ್ಸಿನಲ್ಲೇ ಬರೆದದ್ದು.

ಅಂದ ಹಾಗೆ, ಓದು ಅಂತ ಹಿಂದೆ ಬೀಳಬೇಡಿ. ಸುಮ್ನೆ ಮೇಜಿನ ಮೇಲೆ ಇಡಿ. ಮೊದಲ ಹತ್ತು ಪುಟ ಹಿಡಿಸದಿದ್ದರೆ ಬಿಡಲಿ, ಲೈಬ್ರರಿಯಿಂದ ಬೇರೆಯದು ತಂದರಾಯಿತು. ಓದಿ ಮುಗಿಸಿದ ಮೇಲೆ ‘ಏನು ಕಲಿತೆ’ ಅಂತ ಮಾತ್ರ ಕೇಳಬೇಡಿ. ‘ಯಾರು ಜಾಸ್ತಿ ಇಷ್ಟ ಆದರು?’ ಅಂತ ಕೇಳಿ ನೋಡಿ.