ಹಳೆ ಸೀರೆಯ ಕೌದಿ: ನಡುವೆ ಉಬ್ಬದ ಹಾಗೆ ಹೊಲಿಯುವುದು ಹೇಗೆ?

ಕಲಬುರಗಿಯ ನಮ್ಮ ಓಣಿಯಲ್ಲಿ ಈ ವರ್ಷ ಮೂರು ಕೌದಿ ಅರ್ಧಕ್ಕೇ ನಿಂತವು. ಮೂರಕ್ಕೂ ಒಂದೇ ರೋಗ. ನಡುವೆ ಬಟ್ಟೆ ಉಬ್ಬಿ ನಿಂತಿತ್ತು, ಎಳೆದರೆ ಅಂಚು ಸುಕ್ಕಾಗುತ್ತಿತ್ತು. ಒಂದಂತೂ ಕಸದ ಗಾಡಿಗೆ ಹೋಯಿತು. ಅದರೊಳಗೆ ಆ ಮನೆಯ ಅತ್ತೆ ಉಟ್ಟು ಹಣ್ಣು ಮಾಡಿದ ಹತ್ತಿ ಸೀರೆಗಳಿದ್ದವು. ನೋಡಿ ತುಂಬಾ ಸಂಕಟವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಟ್ಟೆ ಆರಿಸಿ. ಸೀರೆ, ಧೋತರ, ಹಳೆ ಬೆಡ್‌ಶೀಟ್, ಯಾವುದಾದರೂ ಸರಿ, ಆದರೆ ಹತ್ತಿಯದೇ ಇರಲಿ. ಅನುಮಾನ ಬಂದರೆ ಎರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಬೆವರು ಹೀರುವುದಿಲ್ಲ. ನಮ್ಮೂರ ಬೇಸಿಗೆಯಲ್ಲಿ, 43 ಡಿಗ್ರಿ ಬಿಸಿಲು ಕುಡಿದ ಮಾಳಿಗೆಯ ಮೇಲೆ, ಅಂಥ ಕೌದಿ ಹಾಸಿ ಮಲಗಲು ಆಗುತ್ತದಾ? ಹೊಸ ಬಟ್ಟೆ ಸೇರಿಸಲೇಬೇಕು ಅಂದರೆ ಎರಡು ಸಲ ನೆನೆಸಿ ಒಗೆಯಿರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆಯುತ್ತದೆ.

ಗುಂಡಿ, ಜಿಪ್, ಜರಿ ತೆಗೆದು, ಒಗೆದು ಒಣಗಿಸಿ.

ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿದರೆ 9 ಅಡಿಯ ಎರಡು ತುಂಡು ಬರುತ್ತವೆ. ಅಗಲ 4 ಅಡಿಗೆ ತುಸು ಕಡಿಮೆ. ಸವೆದ ಭಾಗ ತೆಗೆದರೂ 7 ಅಡಿ ಉಳಿಯುತ್ತದೆ, ಒಬ್ಬರಿಗೆ ಸಾಕು. ಒಂದು ಕೆಳಗೆ, ಒಂದು ಮೇಲೆ, ನಡುವೆ ಮೂರು ಪದರ ತುಂಡು ಬಟ್ಟೆ. ಇದಕ್ಕಿಂತ ಜಾಸ್ತಿ ಬೇಡ. ಸೂಜಿ ಇಳಿಯುವುದಿಲ್ಲ, ಒಗೆದರೆ ಬೇಗ ಒಣಗುವುದೂ ಇಲ್ಲ.

ಇನ್ನು ಹಾಸುವುದು. ಕೌದಿ ಕೆಡುವುದೇ ಇಲ್ಲಿ. ಮಂಚ, ಸೋಫಾ ಬಿಟ್ಟು ನೆಲಕ್ಕೆ ಬನ್ನಿ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ನಿಮ್ಮ ಅದೃಷ್ಟ. ಕಲ್ಲುಗಳ ಸಂದಿಯ ಗೆರೆ ನೇರ ಇರುತ್ತದೆ. ಕೆಳಗಿನ ಬಟ್ಟೆಯ ಅಂಚನ್ನು ಆ ಗೆರೆಗೆ ಕೂಡಿಸಿ. ನಾಲ್ಕು ಮೂಲೆಗೂ ಭಾರ ಇಡಿ. ಕುಟ್ಟುವ ಕಲ್ಲು, ತೊಗರಿಬೇಳೆ ಡಬ್ಬಿ, ಏನಾದರೂ ಆಗುತ್ತದೆ. ಕೈ ಒದ್ದೆ ಮಾಡಿ ನೀರು ಚಿಮುಕಿಸಿ. ತೇವ ಇದ್ದರೆ ಒಂದು ಪದರ ಇನ್ನೊಂದಕ್ಕೆ ಅಂಟಿ ಕೂರುತ್ತದೆ. ಒಂದೊಂದು ಪದರ ಹಾಕಿದಾಗಲೂ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಬಟ್ಟೆ ಎಳೆದು ಬಿಗಿ ಮಾಡಬೇಡಿ. ಎಳೆದದ್ದು ಹೊಲಿದ ಮೇಲೆ ಹಿಂದೆ ಸರಿಯುತ್ತದೆ.

ಆಮೇಲೆ ಕಚ್ಚಾ ಹೊಲಿಗೆ, ಅಂದರೆ ಪದರ ಸರಿಯದ ಹಾಗೆ ಸದ್ಯಕ್ಕೆ ಹಾಕಿ ಕಡೆಗೆ ಕೀಳುವ ಹೊಲಿಗೆ. ಇದನ್ನು ಬಿಟ್ಟೇ ಎಲ್ಲರೂ ಕೆಡಿಸಿಕೊಳ್ಳುವುದು. ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿಗೆ ಹೊಲಿಯುತ್ತಾ ಹೋದರೆ, ಲಟ್ಟಣಿಗೆ ಮುಂದೆ ಹಿಟ್ಟು ಸರಿದ ಹಾಗೆ ಬಟ್ಟೆ ಮುಂದೆ ಮುಂದೆ ಸರಿಯುತ್ತದೆ. ಅದೇ ಉಬ್ಬು. ಹಾಗಾಗಿ ನಡುಮಧ್ಯದಿಂದ ಶುರು ಮಾಡಿ. ಮಧ್ಯದಿಂದ ನಾಲ್ಕು ಮೂಲೆಗೆ, ಆಮೇಲೆ ನಾಲ್ಕು ಅಂಚಿಗೆ, ಬಂಡಿ ಗಾಲಿಯ ಅರೆಗಳ ಹಾಗೆ ಉದ್ದುದ್ದ ಹೊಲಿಗೆ ಹಾಕಿ. ನಡುವೆ ಒಂದು ಗೇಣಿಗಿಂತ ಜಾಸ್ತಿ ಬಟ್ಟೆ ಸುಮ್ನೆ ಬಿಟ್ಟಿರಬಾರದು. ರೂಢಿ ಇರುವ ಹೆಂಗಸರು ಇದನ್ನು ಮಾಡುವುದಿಲ್ಲ, ನಿಜ. ಅವರು ಕೌದಿಯ ಮೇಲೇ ಕೂತು ಹೊಲಿಯುತ್ತಾರೆ, ಮೈಭಾರವೇ ಬಟ್ಟೆ ಹಿಡಿದಿರುತ್ತದೆ.

ಇನ್ನು ನಿಜವಾದ ಹೊಲಿಗೆ. ಕಚ್ಚಾ ಹೊಲಿಗೆ ಬಟ್ಟೆ ಹಿಡಿದಿರುವುದರಿಂದ ಈಗ ಅಂಚಿನಿಂದ ಸುತ್ತುತ್ತಾ ಒಳಗೆ ಬನ್ನಿ, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ಕಡೆಗೆ ಕಚ್ಚಾ ದಾರ ಕಿತ್ತುಬಿಡಿ. ದಪ್ಪ ಹತ್ತಿ ದಾರವೇ ಬೇಕು. ನೈಲಾನ್ ದಾರ ಹಳೆ ಬಟ್ಟೆಯನ್ನು ಕೊಯ್ಯುತ್ತದೆ. ಅಗ್ಗದ ಕೆಂಪು ದಾರ ಬಣ್ಣ ಬಿಡುತ್ತದೆ, ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿಯೇ ಕೊಳ್ಳಿ. ಮೆಷಿನ್‌ನಲ್ಲಿ ಹೊಲಿಸಿದರೆ ಒಂದು ದಿನದ ಕೆಲಸ, ಆದರೂ ನಾನು ಬೇಡ ಅನ್ನುತ್ತೇನೆ. ಮೇಲಿನ ಪದರ ಸರಿಯುತ್ತದೆ, ಒತ್ತೊತ್ತಾದ ಹೊಲಿಗೆಯ ಗೆರೆಯಲ್ಲೇ ಸವೆದ ಬಟ್ಟೆ ಹರಿಯುತ್ತದೆ.

ಪುರುಸೊತ್ತಿಲ್ಲವಾ? ಕೌದಿ ಹೊಲಿಯುವ ಹೆಂಗಸರಿಗೆ ಕೊಡಿ. ಬಟ್ಟೆ ನಿಮ್ಮದು, ಕೈ ಅವರದು. ಆದರೆ ಕೂಲಿಗೆ ಚೌಕಾಸಿ ಮಾಡಬೇಡಿ. ದಿನಕ್ಕೆ ಎರಡು ತಾಸು ಕೂತರೆ ನನಗೆ ಒಂದು ಕೌದಿಗೆ ಮೂರು ವಾರ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಯೋಚಿಸಿ. ಹಳೆ ಬಟ್ಟೆಯಿಂದ ಮತ್ತೆ ಬಟ್ಟೆ ಮಾಡುವುದು ಕಾರ್ಖಾನೆಗೂ ಸುಲಭ ಅಲ್ಲ. ಯಂತ್ರದಲ್ಲಿ ಹಾಕಿ ಬಟ್ಟೆ ಹರಿದಾಗ ನಾರು ಗಿಡ್ಡ ಆಗುತ್ತದೆ. ಪಾಣಿಪತ್‌ನಲ್ಲಿ ಅಂಥ ನಾರಿನ ನೂಲಿನಿಂದ ಕಂಬಳಿ ನೇಯುತ್ತಾರೆ. ಈ ಹೆಂಗಸರ ಕೈಯಲ್ಲಿ ನಾರು ಹರಿಯುವುದೂ ಬೇಡ, ಹೊಸ ಬಣ್ಣವೂ ಬೇಡ. ಕೌದಿ ಸವೆದರೆ ಮತ್ತೆ ಅವರಿಗೇ ಕೊಟ್ಟು ಮೇಲೊಂದು ಸೀರೆ ಹೊದಿಸಿ ಹೊಲಿಸಿ. ಹಳೆ ಕೌದಿಯೇ ಹೊಸದರ ಹೊಟ್ಟೆಯಾಗುತ್ತದೆ.

ನಮ್ಮ ಮನೆಯ ಒಂದು ಕೌದಿಗೆ ಹೀಗೆ ಎರಡು ಸಲ ಮೇಲ್ಬಟ್ಟೆ ಬದಲಾಗಿದೆ. ಕಾಲ ಕಡೆಯ ಮೂಲೆ ಸವೆದಿದೆ. ಅಲ್ಲಿ ಅಜ್ಜಿಯ ಹಸಿರು ಸೀರೆಯ ಕೆಂಪು ಅಂಚು ಇಣುಕುತ್ತಿದೆ. ದೀಪಾವಳಿಗೆ ಮುಂಚೆ ಮೂರನೆಯ ಹೊದಿಕೆ ಹಾಕಬೇಕು. ಅದಕ್ಕೆ ಅಮ್ಮ ತಮ್ಮದೊಂದು ಸೀರೆ ತೆಗೆದಿಟ್ಟಿದ್ದಾರೆ.